ದಾನಮ್ಮನ ಕಾಡಿಗೆ ನಾಲ್ಕು ಬಿದಿರು

೧
ಕಥೆಯನ್ನು ಕಾಡಿನಿಂದ ಶುರು ಮಾಡಲೋ, ಕಾಮೋಠೆಯಿಂದಲೋ? ಕಾಡಿನಿಂದ ಮಾಡಿದರೆ ಹಕ್ಕಿಗಳ ಹೆಸರು ಗೊತ್ತಿರಬೇಕು. ನನಗೆ ಗೊತ್ತಿರುವುದು ಕಾಗೆ, ಪಾರಿವಾಳ ಎರಡೇ. ಹಾಗಾಗಿ ಕಾಮೋಠೆ, ಮರಾಠಿ ಸೀಮೆಯ, ದಿನಕ್ಕೊಂದು ಕಟ್ಟಡ ಏಳುವ ಪಟ್ಟಣ.

೨
ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದ ದಾನಮ್ಮ ಅಲ್ಲಿದ್ದಾಳೆ, ಗಂಡ ಸೈದಪ್ಪನ ಜೊತೆ. ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಾಡು ನೋಡಬೇಕು ಎಂದಿದ್ದಾಳೆ. ಭಾನುವಾರ ರಜೆ. ಕಲ್ಯಾಣ ಸ್ಟೇಷನ್ನಿನಾಚೆ ಅವಳಿಗೊಂದು ಕಾಡು ಕಲ್ಪಿಸಿದೆ: ನೀರಿಲ್ಲ, ಅಂಗಡಿಯಿಲ್ಲ, ಶೌಚಾಲಯವಿಲ್ಲ. (ಶುದ್ಧ ಪ್ರಕೃತಿ! ಬೆನ್ನು ನಾನೇ ತಟ್ಟಿಕೊಂಡೆ.)

"ಸಂಡಾಸ್ ಇಲ್ಲ?" ಹೊರಟವಳು ಕುಳಿತೇಬಿಟ್ಟಳು. "ಸೈಟಿನ್ಯಾಗೂ ಹಂಗ ರೀ, ಸಂಜೀತನಕ ನೀರ ಕುಡಿಯಂಗಿಲ್ಲ. ಸೂಟಿ ದಿನಾನೂ ಬಾಯಿ ಒಣಗಿಸ್ಕೊಂಡ ಇರ್ಲೇನು? ಬರಿಯಾವ್ರು ನೀವ ಅಲ್ಲೇನ್ರಿ ಸಾಹೇಬ್ರ, ಒಂದು ಸಂಡಾಸ್ ಬರೀರಲ್ಲ."

"ಆಗಲ್ಲಮ್ಮ. ನಂದು ರಿಯಲಿಸಂ."

"ಅದಕ್ಕ ಬಾಗಿಲಾ ಐತೇನು?"

೩
ಅವರು ಹೋಗಲಿಲ್ಲ. ಕಥೆ ಮುಗಿಯಿತು.

(ದಾನಮ್ಮ ಹೊಸ ಸೀರೆ ಮಡಿಚಿ ಟ್ರಂಕಿಗೆ ಹಾಕಿದಳು. ೩ನ್ನು ಹೊಡೆದುಹಾಕಿದ್ದೇನೆ, ನೀವೂ ಮರೆತುಬಿಡಿ.)

೪
ಸೈದಪ್ಪನ ಕಸುಬು ಪರಾಂಚಿ ಕಟ್ಟುವುದು. ಎತ್ತರದ ಕಟ್ಟಡಗಳ ಮೈಗೆ ಬಿದಿರಿನ ಅಟ್ಟಣಿಗೆ. "ಮೂವತ್ತು ಮಾಳಿಗಿಗೆ ಕಟ್ಟೀನಿ. ಹೇಣ್ತಿಗೆ ಒಂದು ಮರೆ ಕಟ್ಟಾಕ ಆಗಂಗಿಲ್ಲೇನು?"

ನಾಲ್ಕು ಬಿದಿರು, ಕಟ್ಟಡಕ್ಕೆ ಹೊದಿಸುವ ಹಸಿರು ಜಾಳಿಗೆ, ಹಗ್ಗ ಎಲ್ಲ ಹೊರೆ ಕಟ್ಟಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈಗೆ ಅಭ್ಯಾಸ ನೋಡಿ, ಇಬ್ಬರಿಗೂ ಹೆಲ್ಮೆಟ್, ಕೆಲಸ ನಡೆದಿದೆ ಎನ್ನುವ 'ಕಾಮ್ ಚಾಲೂ ಹೈ' ಬೋರ್ಡೂ ಸೇರಿತು. ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಯವರೇ ಸರಿದು ಜಾಗ ಕೊಟ್ಟರು.

೫
ಕಾಡಿನ ಗೇಟಿನಲ್ಲಿ ಗಾರ್ಡ್ ಕಾಂಚನಾ ಬೋರ್ಡ್ ಓದಿ, ಇಲ್ಲಿ ಏನೂ ಕಟ್ಟುವಂತಿಲ್ಲ ಎಂದು ಕೂಗಿದಳು: "ಬಾಂಧ್‌ಕಾಮ್ ಬಂದ್! ಬಿಲ್ಡರ್ ಕೌನ್ ಹೈ?"

"ಬಿಲ್ಡರ್ ನಹೀ," ಎಂದಳು ದಾನಮ್ಮ, ಗಂಡನನ್ನು ತೋರಿಸಿ. "ಮೇರಾ ಆದ್ಮೀ ಹೈ."

ಅಂತ್ಯ ಅ: ಬಿದಿರು ಜಪ್ತಿ. (ದಾನಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ರದ್ದು.)

ಅಂತ್ಯ ಆ: ವಿಷಯ ಕೇಳಿದ ಕಾಂಚನಾ ಜಾಳಿಗೆ ನೋಡಿದಳು, ಬೆಳಿಗ್ಗೆಯಿಂದ ಮುಚ್ಚಳ ತೆಗೆಯದ ತನ್ನ ನೀರಿನ ಬಾಟಲಿ ನೋಡಿದಳು. ಸಂಜೆತನಕ ನಿಲ್ಲುತ್ತದೆಯೇ ಎಂದು ದನಿ ತಗ್ಗಿಸಿ ಹಿಂದಿಯಲ್ಲೇ ಕೇಳಿದಳು: "ಶಾಮ್ ತಕ್ ಟಿಕೇಗಾ ಕ್ಯಾ?"

೬
ಮರೆ ನಿಂತಿತು. ದಾನಮ್ಮ ಹಾಡುಹಗಲು ಹನ್ನೊಂದು ಗಂಟೆಗೆ ಒಂದು ಬಾಟಲಿ ನೀರು ಗಟಗಟ ಕುಡಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಕೊನೆಗೆ ಒಂದು ಸೂರ್ಯಾಸ್ತ ಬರೆಯಲು ಕೂತೆ.

ಅಷ್ಟರಲ್ಲಿ ಜಾಳಿಗೆಯ ಹಿಂದಿನಿಂದ ದನಿ: "ಸಾಹೇಬ್ರ, ಪೆನ್ ಬಂದ್ ಮಾಡ್ರಿ. ಆ ಕಡೆ ತಿರುಗ್ರಿ."

ತಿರುಗಿ ನಿಂತಿದ್ದೇನೆ. ಯಾವುದೋ ಹಕ್ಕಿ ಕೂಗುತ್ತಿದೆ, ಕಾಗೆಯಂತೂ ಅಲ್ಲ.

ಓದುಗರೇ, ಇನ್ನೂ ಏನು ನೋಡುತ್ತಿದ್ದೀರಿ? ನೀವೂ ತಿರುಗಿ.