ಪುಟ್ಟಿ ಹಿಡಿಯದ ಬಿರುಕು

ಪೇಂಟರ್‌ಗೆ ಆ ಕೆಲಸ ಒಪ್ಪಿಸಿದವರು ಹೆಂಡತಿಯ ಅಣ್ಣ. ಮೂರು ಬಾಡಿಗೆ ಮನೆಗಳ ಯಜಮಾನರು. ವರ್ಷದ ಅರ್ಧ ಕೆಲಸ ಅವರಿಂದಲೇ ಸಿಗುತ್ತಿದ್ದುದರಿಂದ ಪೇಂಟರ್ ಅವರೆದುರು ಎಂದೂ ದನಿ ಏರಿಸಿದವನಲ್ಲ.

"ಕೆಳಗಿನ ಮನೆ ಛಾವಣಿಯಲ್ಲಿ ಸಣ್ಣ ಬಿರುಕಂತೆ. ಆರು ತಿಂಗಳಿಂದ ಆಯಮ್ಮ ನನ್ನ ತಲೆ ತಿಂತಿದಾಳೆ. ಪುಟ್ಟಿ ತುಂಬಿ ಬಿಳಿ ಬಳಿದು ಬಾ. ನಿನ್ನ ಬಾಯಿಗೂ ಸ್ವಲ್ಪ ಪುಟ್ಟಿ ಹಾಕ್ಕೊ," ಎಂದು ಭಾವ ನಕ್ಕಿದ್ದರು.

ಬೆಳಿಗ್ಗೆ ಬಾಗಿಲು ತೆಗೆದವಳು ಆ ಮನೆಯ ಸೊಸೆ. ಔಷಧದಂಗಡಿಯ ಕೆಲಸಕ್ಕೆ ರಜೆ ಹಾಕಿ ಕಾದಿದ್ದಳು. ಗಂಡ ಲಾರಿ ಡ್ರೈವರ್, ಊರಲ್ಲಿರಲಿಲ್ಲ. ಒಳಗಿನ ಮಂಚದ ಮೇಲೆ ಅತ್ತೆ ಅಂಗಾತ ಮಲಗಿದ್ದರು. ಸೊಂಟದ ಮೂಳೆಗೆ ಆಪರೇಷನ್ ಆಗಿ ಮೂರೇ ವಾರ. ಎದ್ದು ಕೂರುವಂತಿರಲಿಲ್ಲ, ಎತ್ತುವಂತೆಯೂ ಇರಲಿಲ್ಲ.

ಬಿರುಕು ಸರಿಯಾಗಿ ಅವರ ಎದೆಯ ನೇರಕ್ಕಿತ್ತು.

"ಆ ದೇವ್ರು ದಿನಾ ಮೇಲಿಂದ ಉಪ್ಪು ಉದುರಿಸ್ತಾನೆ ಕಣಪ್ಪಾ," ಎಂದರು ಮುದುಕಿ, ಹೊದಿಕೆಯ ಮೇಲಿನ ಮರಳು ಕೊಡವುತ್ತ. "ನಾನಿನ್ನೂ ಬೆಂದಿಲ್ಲ ಅಂತ ಕಾಣುತ್ತೆ."

ಪೇಂಟರ್ ನಗುತ್ತಲೇ ಏಣಿ ಹತ್ತಿದ. ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಖಾಲಿ ಡಬ್ಬ ಬಡಿದಂತೆ ಸದ್ದು ಬಂತು. ಒಂದು ಮೊಳ ಆಚೆ ತಟ್ಟಿದ, ಅದೇ ಸದ್ದು. ಇಪ್ಪತ್ತು ವರ್ಷ ಗೋಡೆಗಳ ಜೊತೆ ಬದುಕಿದವನಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾರೆ ಛಾವಣಿಯಿಂದ ಬಿಟ್ಟುಕೊಂಡು ಬರೀ ಜೋತಾಡುತ್ತಿತ್ತು.

"ಬೀಳುತ್ತಾ ಅಣ್ಣಾ?" ಕೆಳಗಿನಿಂದ ಸೊಸೆ ಕೇಳಿದಳು.

"ಏನಾಗಲ್ಲಮ್ಮಾ," ಎಂದ. ಅವಳ ಮುಖ ನೋಡದೆ ಏಣಿ ಇಳಿದ.

ಹೊರಗೆ ಬಂದು ಭಾವನಿಗೆ ಫೋನ್ ಮಾಡಿ, ಗಾರೆ ಬೀಳುವಂತಿದೆ ಎಂದ.

"ಬಣ್ಣ ಬಳಿಯೋಕೆ ಕಳಿಸಿದ್ದು, ಭವಿಷ್ಯ ಹೇಳೋಕಲ್ಲ," ಎಂದರು ಅವರು. "ಮುಚ್ಚಿ ಬಾ."

ಪೇಂಟರ್ ಮತ್ತೆ ಏಣಿ ಹತ್ತಿದ. ಪುಟ್ಟಿ ಕಲಸಿ ಮೊದಲ ಹಿಡಿ ಒತ್ತಿದ್ದೇ ತಡ, ಕರಣೆಯ ತುದಿ ಸರಕ್ಕನೆ ಒಳಗೆ ಹೋಯಿತು. ಮರಳು ಧಾರೆಯಾಗಿ ಮುದುಕಿಯ ಮುಖದ ಮೇಲೆ ಸುರಿಯಿತು. ಅವರು ಕೆಮ್ಮಿದರು. ಕೆಮ್ಮಿದ್ದಕ್ಕೆ ಸೊಂಟ ಹಿಡಿದು, "ಅಯ್ಯೋ ಅಮ್ಮಾ" ಎಂದು ಚೀರಿದರು.

ಅವನು ಏಣಿಯಿಂದ ದಡದಡನೆ ಇಳಿದ. "ಅಮ್ಮಾ, ಆಗಲೇ ಸುಳ್ಳು ಹೇಳಿದೆ. ಇದು ಬೀಳುತ್ತೆ. ಮಂಚ ಸರಿಸಬೇಕು, ಈಗಲೇ."

ಮಂಚ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಉಳಿದದ್ದು ಅಡುಗೆಮನೆ ಪಕ್ಕದ ಮೂಲೆಯೊಂದೇ. ರೋಲರ್‌ನ ಕೋಲಿನಿಂದ ಅಲ್ಲಿ ಮೇಲೆ ತಟ್ಟಿ ನೋಡಿದ, ಗಟ್ಟಿ ಸದ್ದು ಬಂತು. ಸೊಸೆ ಮಂಚದ ಕಾಲುಗಳ ಕೆಳಗೆ ಒದ್ದೆ ಬಟ್ಟೆ ತುರುಕಿದಳು. ಅವನು ಮುಂದೆ ನಿಂತು ಎಳೆದ, ಅವಳು ಹಿಂದಿನಿಂದ ತಳ್ಳಿದಳು. ಬೆರಳಷ್ಟು ಸರಿದರೆ ನಿಲ್ಲಬೇಕು. ಮುದುಕಿ ಸೆರಗು ಕಚ್ಚಿಕೊಂಡಿದ್ದರು. ಅರ್ಧ ದಾರಿಯಲ್ಲಿ ಮೇಲೆ ಎಲ್ಲೋ ಚಟ್ ಎಂದಿತು. ಅವನು ಎಳೆಯುವುದನ್ನು ನಿಲ್ಲಿಸಿ ಮೇಲೆ ನೋಡಿದ.

"ಎಳಿಯಪ್ಪಾ," ಎಂದರು ಮುದುಕಿ ಹಲ್ಲಿನ ನಡುವೆಯೇ. "ನೋವು ನಂದು, ಎಳೆಯೋದು ನಿಂದು."

ಮಂಚ ಮೂಲೆ ಸೇರಿದಾಗ ಪೇಂಟರ್‌ನ ಅಂಗಿ ಬೆನ್ನಿಗೆ ಅಂಟಿತ್ತು. ಆದರೆ ಗಾರೆ ಬೀಳಲಿಲ್ಲ. ಅಷ್ಟರಲ್ಲಿ ಭಾವನೇ ಬಂದರು. ಚಪ್ಪಲಿ ಕಾಲಲ್ಲೇ ಒಳಗೆ ನಡೆದು, ಬಿರುಕಿನ ಕೆಳಗೇ ನಿಂತು ತಲೆಯೆತ್ತಿದರು.

"ಎಲ್ಲಿ ಬಿತ್ತು, ತೋರಿಸು? ಸುಮ್ನೆ ಹೆಂಗಸರನ್ನ ಹೆದರಿಸ್ತೀಯಾ? ಮಂಚ ಇದ್ದಲ್ಲಿಗೆ ಹಾಕಿ ಕೆಲಸ ಮುಗಿಸು."

"ಭಾವ, ಈಚೆ ಬನ್ನಿ."

"ನನಗೇ ಹೇಳ್ತೀಯಾ?"

"ಕೈ ಮುಗೀತೀನಿ, ಈಚೆ ಬನ್ನಿ." ಅವನು ಭಾವನ ತೋಳು ಹಿಡಿದು ಬಾಗಿಲಿಗೆ ಎಳೆದ. ಹಾಗೆ ಅವರನ್ನು ಅವನು ಮುಟ್ಟಿದ್ದು ಅದೇ ಮೊದಲು. ಇದನ್ನ ಕೆಡವಿಬಿಡ್ತೀನಿ ಎಂದು ಅವನು ಹೇಳಿದ್ದೇ, ಸೊಸೆ ಮೇಜನ್ನು ಮಂಚಕ್ಕೆ ಅಡ್ಡವಾಗಿ ನಿಲ್ಲಿಸಿ, ಅತ್ತೆಯ ಮುಖಕ್ಕೆ ಹೊದಿಕೆ ಎಳೆದು ಹಿಂದೆ ಕುಳಿತಳು. ಪೇಂಟರ್ ಗೋಡೆಯ ಪಕ್ಕ ನಿಂತು, ಉದ್ದನೆಯ ಕೋಲಿನ ತುದಿಯಿಂದ ಬಿರುಕಿನ ಅಂಚಿಗೆ ಒಂದೇ ಏಟು ಕೊಟ್ಟ.

ಬಾಗಿಲಗಲದ ಗಾರೆ ಒಮ್ಮೆಲೇ ಕೆಳಗೆ ಬಂತು. ನೆಲ ನಡುಗಿತು. ಧೂಳು ಇಳಿದ ಮೇಲೆ ನೋಡಿದರೆ, ತುಕ್ಕು ಹಿಡಿದು ಊದಿಕೊಂಡ ಕಂಬಿಗಳು ಕಾಣುತ್ತಿದ್ದವು. ಮೇಲಿನ ಮನೆಯ ಬಚ್ಚಲಿನ ನೀರು ಅವುಗಳ ಗುಂಟ ತೊಟ್ಟಿಕ್ಕುತ್ತಿತ್ತು.

ಭಾವ ತಾವು ನಿಂತಿದ್ದ ಜಾಗವನ್ನೇ ನೋಡುತ್ತಿದ್ದರು.

"ನೀನೇ ಕೆಡವಿದೆ," ಎಂದರು ಕೊನೆಗೆ.

"ಹೌದು, ನಾನೇ."

ಅವರು ಹೊರಟುಹೋದರು. ಸೊಸೆ ಅವನ ಕೈಗೆ ನೀರಿನ ಲೋಟ ಕೊಟ್ಟಳು.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಸಿಲಲ್ಲೇ ನಿಂತಿದ್ದಳು. "ಅಣ್ಣ ಫೋನ್ ಮಾಡಿದ್ದ. ಇನ್ನು ನಿಮ್ಮ ಮುಖ ನೋಡಲ್ಲವಂತೆ."

ಅವನು ಏಣಿಯನ್ನು ಗೋಡೆಗೆ ಒರಗಿಸಿದ.

"ಆ ಅಜ್ಜಿಗೆ ಏನೂ ಆಗಲಿಲ್ಲ ತಾನೇ?" ಎಂದಳು.

"ಇಲ್ಲ."

"ಹಾಗಾದ್ರೆ ಕೈಕಾಲು ತೊಳ್ಕೊಂಡು ಬನ್ನಿ."

ಮೂರನೆಯ ದಿನ ಆ ಮನೆಯ ಮುಂದೆ ಸಿಮೆಂಟು, ಕಂಬಿ ಇಳಿದವು. ಭಾವ ಬೇರೆ ಮೇಸ್ತ್ರಿಯನ್ನು ಕಳಿಸಿದ್ದರು. ಅದೇ ಹೊತ್ತಿಗೆ ಪೇಂಟರ್ ಪೇಟೆಯ ಬಣ್ಣದಂಗಡಿಯ ಮುಂದೆ, ಕೆಲಸಕ್ಕೆ ಕರೆಯುವವರು ಬರುತ್ತಾರೇನೋ ಎಂದು ಕಾಯುತ್ತ ಕುಳಿತಿದ್ದ.