ಕೊರಿಯಾದ ಐದು ಬಾಟಲಿ

ಊಟಿ ಬಳಿಯ ಕಟ್ಟಬೆಟ್ಟಿನಲ್ಲಿ ಸಂಜೆ ನಾಲ್ಕಕ್ಕೆ ಎಲೆ ತೂಕ. ತೋಟದಿಂದ ಬಂದ ಹೆಂಗಸರು ಚಹಾ ಎಲೆಯ ಮೂಟೆ ಇಳಿಸಿ, ಲಾರಿ ಬರುವವರೆಗೆ ನಂಜುಂಡೇಶನ ಫ್ಯಾನ್ಸಿ ಸ್ಟೋರಿನ ಮುಂದೆ ನಿಂತು ಬಳೆ ನೋಡುವುದು, ಕ್ಲಿಪ್ಪು ಕೇಳುವುದು ರೂಢಿ. ಆ ದಿನ ಕಮಲಂ ಒಬ್ಬಳೇ ನೇರ ಒಳಗೆ ಬಂದಳು. ಬಟ್ಟೆಯ ಚೀಲವೊಂದನ್ನು ಗಾಜಿನ ಕೌಂಟರಿನ ಮೇಲೆ ಕುಕ್ಕಿ, ಮುಖಕ್ಕೆ ಬಿಗಿದಿದ್ದ ಟವಲನ್ನು ಬಿಚ್ಚಿದಳು.

"ನೋಡು ತಂಬಿ, ಚೆನ್ನಾಗಿ ನೋಡು. ಗಾಜಿನ ಥರ ಆಗಿದೆಯಾ?"

ನಂಜುಂಡೇಶ ನೋಡಿದ. ಎರಡೂ ಕೆನ್ನೆ ಉರಿದು ಕೆಂಪಾಗಿದ್ದವು. ಮೂಗಿನ ಪಕ್ಕ ಚರ್ಮವು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದಿತ್ತು. ಹೋಗಬೇಕಿದ್ದ ಬಂಗು, ಇಪ್ಪತ್ತು ವರ್ಷದ ಆ ಕಂದು ಮಚ್ಚೆ, ಇದ್ದಲ್ಲೇ ಇನ್ನಷ್ಟು ಕಪ್ಪಾಗಿ ಕೂತಿತ್ತು.

"ಏನ್ ಹಚ್ಚಿದ್ರಿ ಅಕ್ಕ?"

"ನೀನು ಕೊಟ್ಟಿದ್ದೇ ಹಚ್ಚಿದ್ದು. ಇನ್ನೇನು, ಜೀಪಿನ ಗ್ರೀಸ್ ಹಚ್ಚಿದ್ನಾ?"

ಅವನಿಗೆ ಮೊದಲು ಬಂದದ್ದು ಸಿಟ್ಟು. ಯಾವಾಗಲೂ ಮೊದಲು ಬರುವುದು ಅದೇ.

ಈ ಕೊರಿಯಾ ಹುಚ್ಚು ಶುರುವಾದದ್ದು ಆರು ತಿಂಗಳ ಹಿಂದೆ. ಅಪ್ಪ ನಂಜನಗೂಡಿನ ಕಡೆಯಿಂದ ಬಳೆ ಹೊತ್ತು ಬಂದು ಕಟ್ಟಿದ ಅಂಗಡಿ ಇದು. ಪೌಡರು, ಅರಿಶಿನದ ಕ್ರೀಮು, ಮದುವೆ ಮುಂಚೆ ಹಚ್ಚುವ ಬ್ಲೀಚು, ಇಷ್ಟರಲ್ಲೇ ಅಪ್ಪನ ಕಾಲ ಕಳೆದಿತ್ತು. ಆದರೆ ಮೊಬೈಲಿನಲ್ಲಿ ಕೊರಿಯಾ ಸೀರಿಯಲ್ ನೋಡುವ ಹುಡುಗಿಯರು ಬಂದು ಟೋನರ್ ಕೊಡಿ, ಸೀರಮ್ ಕೊಡಿ, ಬಸವನಹುಳದ ಲೋಳೆ ಇರುವ ಎಸೆನ್ಸ್ ಕೊಡಿ ಎನ್ನತೊಡಗಿದರು. ಒಮ್ಮೆ ಅವನು ಟೋನರ್ ಎಂದು ಟಾಲ್ಕಂ ಡಬ್ಬಿ ಎತ್ತಿಕೊಟ್ಟಾಗ, ಊಟಿಯಲ್ಲಿ ಫಾರ್ಮಸಿ ಓದುವ ಸಿಂಧುಜಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಿದ್ದಳು. ಆ ನಗು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಅದೇ ಛಲಕ್ಕೆ ಕೊಯಮತ್ತೂರಿನ ಏಜೆಂಟ್ ಗಿರಿಧರನ್‌ನಿಂದ ಐದೈದು ಬಾಟಲಿಯ ಹತ್ತು ಸೆಟ್ ತರಿಸಿದ್ದ. "ಅಲ್ಲಿ ಹತ್ತು ಥರ ಹಚ್ಚುತ್ತಾರೆ, ನಮ್ಮವರಿಗೆ ಐದು ಸಾಕು. ತೊಳೆಯೋದು, ನೀರಿನ ಥರದ್ದು, ಸೀರಮ್, ಕ್ರೀಮ್, ಬಿಸಿಲಿಗೆ ಒಂದು," ಎಂದು ಏಜೆಂಟ್ ಒಂದೇ ಉಸಿರಿಗೆ ಒದರಿದ್ದ. ಬಾಟಲಿಯ ಒಂದು ಬದಿಗೆ ಕೊರಿಯಾ ಅಕ್ಷರ, ಇನ್ನೊಂದು ಬದಿಗೆ ಇರುವೆ ಸಾಲಿನಂಥ ಇಂಗ್ಲಿಷ್. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನಂಜುಂಡೇಶ ಇಂಗ್ಲಿಷ್ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದಬಲ್ಲ. ಆ ಇರುವೆ ಸಾಲು ಅವನ ಕೈಗೆ ಸಿಕ್ಕಿರಲಿಲ್ಲ.

ಆದರೂ ಹತ್ತು ದಿನದ ಹಿಂದೆ ಕಮಲಂ ಬಂಗು ತೋರಿಸಿ, "ಹೋಗುತ್ತಾ ತಂಬಿ?" ಎಂದಾಗ ಒಂದು ಸೆಟ್ ಕೊಟ್ಟು ಎಲ್ಲ ಬಲ್ಲವನಂತೆ ಹೇಳಿದ್ದ: "ಹತ್ತೇ ದಿನ ಅಕ್ಕ. ಮುಖ ಗಾಜಿನ ಥರ ಹೊಳೆಯುತ್ತೆ."

"ಹೇಗೆ ಹಚ್ಚಿದ್ರಿ?" ಈಗ ಮತ್ತೆ ಕೇಳಿದ. ದನಿ ಗಟ್ಟಿಯಾಗಿತ್ತು.

"ಬೆಳಿಗ್ಗೆ ಐದೂ, ರಾತ್ರಿ ಐದೂ. ಮೊದಲ ದಿನವೇ ಚುರುಚುರು ಅಂತು. ಕೆಲಸ ಮಾಡ್ತಿದೆ ಅಂದ್ಕೊಂಡೆ."

"ಬಿಸಿಲಿಗೆ ಹಚ್ಚೋದು?"

"ಅದು ಸೀಲೇ ಒಡೆದಿಲ್ಲ. ಮಂಜಿದ್ದ ದಿನ ಬೇಡ, ಉಳಿಸ್ಕೊಳ್ಳಿ ಅಂದೋನು ಯಾರು? ಇಡೀ ವಾರ ಮಂಜೇ ಇತ್ತಲ್ಲ."

ಹೌದು, ಅಂದದ್ದು ಅವನೇ. ದೊಡ್ಡ ಉಪಕಾರ ಮಾಡುವವನಂತೆ ಅಂದಿದ್ದ. ಅವನು ಮೊಬೈಲ್ ತೆಗೆದು ಗಿರಿಧರನ್‌ಗೆ ಫೋನ್ ಮಾಡಿದ. "ಏನ್ರೀ ಕೊಟ್ಟಿದ್ದೀರಿ? ಇಲ್ಲಿ ಒಬ್ಬರ ಮುಖ ಸುಟ್ಟುಹೋಗಿದೆ!"

ಆ ಕಡೆಯಿಂದ ನಿಧಾನದ ದನಿ: "ಎಲ್ಲಾ ಬಾಟಲಿ ಮೇಲೇ ಇದೆಯಲ್ಲಪ್ಪಾ. ಓದಲಿಲ್ವಾ?"

ನಂಜುಂಡೇಶ ಫೋನು ಕಟ್ ಮಾಡಿ, ಅವಳ ಚೀಲದಲ್ಲಿ ಕೈಗೆ ಸಿಕ್ಕ ಬಾಟಲಿಯನ್ನು ರಸ್ತೆಗೆ ಬೀಸಲು ಎತ್ತಿದ.

ಕಮಲಂ ಮಣಿಕಟ್ಟು ಹಿಡಿದಳು. ಚಹಾ ಚಿಗುರು ಕಿತ್ತೂ ಕಿತ್ತೂ ಗಟ್ಟಿಯಾದ ಬೆರಳು. "ಎಸೆದ್ರೆ ನನ್ನ ಮುಖ ವಾಪಸ್ ಬರುತ್ತಾ? ಯಾವುದು ಸುಟ್ಟಿದ್ದು ಅಂತ ಓದಿ ಹೇಳು."

ಅವನು ಬಾಟಲಿ ತಿರುಗಿಸಿದ. ಇನ್ನೊಂದು ಬದಿಗೂ ತಿರುಗಿಸಿದ. ಕಿವಿ ಬಿಸಿಯಾಯಿತು.

"ನನಗೆ ಈ ಇಂಗ್ಲಿಷ್ ಓದಕ್ಕೆ ಬರಲ್ಲ ಅಕ್ಕ."

ಕಮಲಂ ಬಯ್ಯಲಿಲ್ಲ. ಬೈದಿದ್ದರೆ ತಾನೂ ತಿರುಗಿ ಕೂಗಬಹುದಿತ್ತು ಎನಿಸಿತು ಅವನಿಗೆ. ಅವಳು ಕೈ ಬಿಟ್ಟು, "ತೋಟಕ್ಕೆ ಹೊಸ ಔಷಧಿ ಬಂದ್ರೆ ನಾವೇನ್ ಮಾಡ್ತೀವಿ ಗೊತ್ತಾ? ಅಂಚಿನ ಒಂದು ಸಾಲಿಗೆ ಹೊಡೆದು ವಾರ ಕಾಯ್ತೀವಿ. ಎಲೆ ಮುದುಡದಿದ್ರೆ ಮುಂದಿನ ಸಾಲು. ನನ್ನ ಮುಖಕ್ಕೆ ಅಷ್ಟೂ ಬುದ್ಧಿ ಓಡ್ಲಿಲ್ಲ, ನೋಡು. ಫಾರಿನ್ ಬಾಟಲಿ, ಹೇಳಿದವನು ನೀನು," ಎಂದಳು.

ರಸ್ತೆಯಾಚೆ ಊಟಿ ಬಸ್ಸು ನಿಂತಿತು. ಸಿಂಧುಜಾ ಇಳಿದಳು. ಬೇರೆ ಯಾರಾದರೂ ಇಳಿಯಬಾರದಿತ್ತೇ! ನಂಜುಂಡೇಶ ಹಲ್ಲು ಕಚ್ಚಿಕೊಂಡು ಬಾಗಿಲಿಗೆ ಬಂದ.

"ಏ ತಂಗಿ, ಸ್ವಲ್ಪ ಬಾಮ್ಮ. ಇದನ್ನ ಓದಿ ಹೇಳಬೇಕು. ನಗೋದಾದ್ರೆ ಮೊದಲೇ ನಕ್ಕು ಮುಗಿಸು."

ಅವಳು ಕಮಲಂಳ ಮುಖ ನೋಡಿದಳು. ನಗಲಿಲ್ಲ. ಚೀಲದ ಐದನ್ನೂ ನೋಡಿ, ಮೂರನೇ ಬಾಟಲಿಯನ್ನು, ಸೀರಮನ್ನು, ಬೆಳಕಿಗೆ ಹಿಡಿದಳು.

"ಇದರಲ್ಲಿ ಆಸಿಡ್ ಇದೆ ಅಣ್ಣಾ. ಸತ್ತ ಚರ್ಮ ತೆಗೆಯೋದು. ವಾರಕ್ಕೆ ಎರಡೇ ರಾತ್ರಿ ಅಂತಿದೆ. ಹಚ್ಚಿದ ಮೇಲೆ ಹಗಲು ಸನ್‌ಸ್ಕ್ರೀನ್ ಹಾಕಲೇಬೇಕು. ಮೊದಲು ಕೈ ಒಳಗಡೆ ಹಚ್ಚಿ ನೋಡಿ ಅಂತಾನೂ ಇದೆ."

"ಒಂದು ಸಾಲು," ಎಂದಳು ಕಮಲಂ.

"ಮಂಜಿದ್ರೆ?" ನಂಜುಂಡೇಶನ ದನಿ ಇಳಿದಿತ್ತು.

"ಮಂಜಿದ್ರೂ ಬಿಸಿಲು ಒಳಗೆ ಬರುತ್ತೆ ಅಣ್ಣಾ. ಬೆಟ್ಟದ ಮೇಲೆ ಇನ್ನೂ ಜಾಸ್ತಿ."

"ಹಾಗಾದ್ರೆ ಇದರಲ್ಲಿ ಏನಿದೆ ಅಂತ ಎಲ್ಲರೂ ಸಾಯ್ತೀರಿ? ನಮ್ಮ ಬ್ಲೀಚೇ ವಾಸಿ!" ಎಂದ ನಂಜುಂಡೇಶ.

"ಬ್ಲೀಚು ಬೆಳ್ಳಗೆ ಮಾಡಕ್ಕೆ. ಇದು ಹಾಗಲ್ಲ. ನೀರಿನಷ್ಟು ತೆಳ್ಳಗೆ, ಒಂದರ ಮೇಲೊಂದು ಕುಡಿಸಿದ್ರೆ ಚರ್ಮ ಒಳಗಿಂದ ತುಂಬ್ಕೊಳ್ಳುತ್ತೆ. ಪೌಡರ್ ಥರ ಮುಚ್ಚಲ್ಲ, ಇರೋದೇ ಹೊಳೆಯುತ್ತೆ. ಅದಕ್ಕೇ ಇಷ್ಟ. ಆದ್ರೆ ನಿಧಾನ. ತಿಂಗಳುಗಟ್ಟಲೆ." ಅವಳು ಕಮಲಂ ಕಡೆ ತಿರುಗಿದಳು. "ಅತ್ತೆ, ಈಗ ಎಲ್ಲ ನಿಲ್ಲಿಸಿ. ತಣ್ಣೀರಲ್ಲಿ ತೊಳೆದು ಈ ಕ್ರೀಮು, ಹಗಲು ಬಿಸಿಲಿಗೆ ಹಚ್ಚೋ ಇದು. ಉರಿ ಇಳಿಯದಿದ್ರೆ, ನೀರುಗುಳ್ಳೆ ಎದ್ರೆ, ಆಸ್ಪತ್ರೆಗೆ ಹೋಗಲೇಬೇಕು."

ನಂಜುಂಡೇಶ ಬಿಲ್ಲಿನ ಪುಸ್ತಕದ ಹಾಳೆ ಹರಿದು, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದ. ಅಕ್ಷರ ದಪ್ಪ, ಸೊಟ್ಟ. 'ವಾರಕ್ಕೆ ಎರಡು ರಾತ್ರಿ ಮಾತ್ರ' ಎಂಬ ಚೀಟಿಯನ್ನು ಮೂರನೇ ಬಾಟಲಿಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿದ. ಚೀಟಿ ಅಂಟಿಸಲು ಕಪಾಟಿನಲ್ಲಿ ಉಳಿದ ಸೆಟ್ಟುಗಳನ್ನೂ ಕೆಳಗಿಳಿಸಿದ. ಆರು ತಿಂಗಳು 'ಓದಿ ಹೇಳು' ಎಂಬ ಇದೇ ಒಂದು ಮಾತು ಕೇಳಲು ಬಾಯಿ ಬಾರದೆ, ಇನ್ನೊಬ್ಬಳ ಕೆನ್ನೆ ಸುಟ್ಟೆನಲ್ಲ ಎಂದು ತನ್ನ ಮೇಲೇ ರೇಗಿ ಟೇಪನ್ನು ಹಲ್ಲಿನಿಂದ ಕಡಿದ.

"ಬಂಗು ಹೋಗುತ್ತಾ?" ಕಮಲಂ ಮತ್ತೆ ಕೇಳಿದಳು.

ಹತ್ತು ದಿನ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

"ಗೊತ್ತಿಲ್ಲ ಅಕ್ಕ. ಕಡಿಮೆ ಆದ್ರೂ ಆಗಬಹುದು."

"ಇದನ್ನ ಅವತ್ತೇ ಹೇಳಕ್ಕೆ ನಿನಗೇನು ಕಷ್ಟ ಆಗಿತ್ತು?"

ಹೊರಗೆ ಲಾರಿ ಹಾರನ್ ಹೊಡೆಯಿತು. ಕಮಲಂ ಕ್ರೀಮನ್ನೂ ಬಿಸಿಲಿನದನ್ನೂ ಚೀಲಕ್ಕೆ ಹಾಕಿಕೊಂಡಳು. ಮೂರನೇ ಬಾಟಲಿಯನ್ನು ಮಾತ್ರ ಕೈಯಲ್ಲೇ ಹಿಡಿದು, ಮುಚ್ಚಳ ತೆಗೆದಳು. "ಕೈ ಚಾಚು."

ಅವನು ಅಂಗಿಯ ತೋಳು ಮಡಚಿದ. ಮೊಣಕೈ ಒಳಗಿನ ಮೆತ್ತನೆ ಚರ್ಮದ ಮೇಲೆ ಒಂದು ಹನಿ ಬಿತ್ತು. ತಣ್ಣಗಿತ್ತು. ಆಮೇಲೆ ಚುರುಗುಟ್ಟಿತು.

"ಇನ್ಮೇಲೆ ಏನೇ ತರಿಸು, ಮೊದಲ ಸಾಲು ನೀನೇ," ಎಂದು ಅವಳು ಟವಲು ಬಿಗಿದುಕೊಂಡು ತೂಕದ ಕಡೆ ನಡೆದಳು.