ಗಂಟಲಿನೊಳಗಿನ ತೊಗಲು

ಹೊಸದುರ್ಗದ ತೋಟಗಳಲ್ಲಿ ಎತ್ತು ಕಟ್ಟಿ ನೀರೆಳೆಯುವ ಕಪಿಲೆ ಬಾವಿಗಳಿದ್ದ ಕಾಲ. ಆ ಕಪಿಲೆಯಲ್ಲಿ ನೀರು ಮೊಗೆಯುವ ತೊಗಲಿನ ಬಾನಿಗಳನ್ನು ಲಾಲ್ ಸಾಬ್ ಹೊಲಿಯುತ್ತಿದ್ದ. ತೊಗಲನ್ನು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುವುದರಿಂದ ಹಿಡಿದು ಕೊನೆಯ ಹೊಲಿಗೆಯವರೆಗೆ ಎಲ್ಲವೂ ಅವನ ಕೈಯದೇ. ಹೊಲಿದ ಬಾನಿಗೆ ನೀರು ತುಂಬಿ ತೂಗುಹಾಕಿ, ಕೆಳಗೆ ಒಣಬೂದಿ ಹರಡಿ ಕಾಯುತ್ತಿದ್ದ. ಬೂದಿಯ ಮೇಲೆ ಒಂದು ಹನಿಯ ಗುರುತು ಕಂಡರೂ ಹೊಲಿಗೆ ಬಿಚ್ಚುತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ. ಇದ್ದ ಮಾತನ್ನೆಲ್ಲ ತಾಯಿಯಿಲ್ಲದ ಮೊಮ್ಮಗಳು ಪ್ಯಾರಿಗಾಗಿ ಕೂಡಿಟ್ಟಿದ್ದ.

ಆ ಪ್ಯಾರಿಗೆ ಒಂದು ದಿನ ಜ್ವರ ಬಂತು. ಕತ್ತು ಊದಿತು, ದನಿ ಅಡಗಿತು. ಅಜ್ಜಿ ಹುಸೇನ್ ಬೀ ಕುಡಿಸಿದ ಹಾಲು ಗಂಟಲಿಳಿಯದೆ ಹೊರಗೇ ಬಂತು. ಲಾಲ್ ಸಾಬ್ ಆಸ್ಪತ್ರೆಗೆ ಓಡಿದ.

ಆಸ್ಪತ್ರೆಯ ಡಾಕ್ಟರು ತಿಪ್ಪೇರುದ್ರಪ್ಪನವರಿಗೆ ಒಂದು ಅಭ್ಯಾಸವಿತ್ತು. ರೋಗದ ಹೆಸರು ಹೇಳಿ ಸುಮ್ಮನಾಗದೆ, ಹೆಸರನ್ನು ಬಿಡಿಸಿ ಅರ್ಥವನ್ನೂ ಹೇಳುತ್ತಿದ್ದರು. ಆ ಸೀಮೆಯವರು ಅರಿಯದ ಕಾಯಿಲೆಗೆಲ್ಲ ಒಬ್ಬ ಅಮ್ಮನ ಹೆಸರಿಟ್ಟು ಊರಾಚೆ ಕಲ್ಲು ನಿಲ್ಲಿಸುವವರು. ಪ್ಲೇಗಿಗೂ ಒಂದು ಗುಡಿ ಎದ್ದಿತ್ತು. ಹೆಸರಿನೊಳಗೆ ಏನಿದೆಯೆಂದು ತಿಳಿದರೆ ಅಂಜಿಕೆ ಅರ್ಧವಾಗುತ್ತದೆಂದು ಡಾಕ್ಟರರ ಮತ. ಲಾಲ್ ಸಾಬ್ ಒಳಹೊಕ್ಕಾಗ ಅವರು ಕೊಬ್ಬರಿ ವ್ಯಾಪಾರಿ ಮುರುಗಪ್ಪನಿಗೆ ಹೇಳುತ್ತಿದ್ದರು:

"ಆಸ್ತಮಾ ಅನ್ನೋದು ಗ್ರೀಕರು ಅನ್ನೋ ಹಳೇ ಜನದ ಮಾತು. ಅದರ ಅರ್ಥ ಏದುಸಿರು, ಅಷ್ಟೇ."

"ಏದುಸಿರು ಅಂತ ನಂಗೂ ಗೊತ್ತಿತ್ತಲ್ರಿ!" ಮುರುಗಪ್ಪ ಏದುತ್ತಲೇ ಅಂದ. "ಅಷ್ಟಕ್ಕೆ ಗ್ರೀಕರ ತಂಕ ಹೋಗಬೇಕಿತ್ತಾ?"

ಲಾಲ್ ಸಾಬನ ಮುಖ ನೋಡಿ ಡಾಕ್ಟರು ಎದ್ದೇಬಿಟ್ಟರು. ಅವನ ಮನೆಗೆ ಬಂದು ಪ್ಯಾರಿಯ ಬಾಯಿ ತೆರೆಸಿ ಬಹಳ ಹೊತ್ತು ನೋಡಿದರು.

"ಇದು ಡಿಫ್ತೀರಿಯಾ. ಹೆಸರಿಗೆ ಹೆದರಬೇಡ, ಲಾಲ್ ಸಾಬ್. ಗ್ರೀಕರು ತೊಗಲಿಗೆ ಡಿಫ್ತೆರಾ ಅಂತಿದ್ರು. ಗಂಟಲಾಗೆ ತೊಗಲಿನಂಥ ಪೊರೆ ಬೆಳೆದೈತೆ. ಬೆಂಗಳೂರಿಗೆ ಈಗಲೇ ತಂತಿ ಕೊಡ್ತೀನಿ, ನಾಳೆ ರೈಲಿಗೆ ಔಷಧಿ ಬರ್ತೈತೆ. ಅಲ್ಲೀತಂಕ ಬೇರೆ ಮಕ್ಕಳನ್ನ ಹತ್ರ ಬಿಡಬೇಡ್ರಿ."

ಡಾಕ್ಟರು ತಂತಿ ಆಫೀಸಿಗೆ ಧಾವಿಸಿದರು. ಲಾಲ್ ಸಾಬನ ತಲೆಯಲ್ಲಿ ಮಿಕ್ಕ ಮಾತೊಂದೂ ನಿಲ್ಲಲಿಲ್ಲ. ತೊಗಲು ಎಂಬ ಒಂದೇ ಮಾತು ನಿಂತಿತು. ಜೀವಮಾನವಿಡೀ ತಾನು ಹದ ಮಾಡಿದ ತೊಗಲೇ ಮೊಮ್ಮಗಳ ಗಂಟಲಿಗೆ ಬಂದು ಕೂತಿತೇ ಎಂದು ಎದೆ ಒಡೆಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ತೊಗಲೇ ಆದರೆ ಅದನ್ನು ತೆಗೆಯಲು ತನಗಿಂತ ಬಲ್ಲವರಾರು? ಉಸಿರು ಕಟ್ಟುತ್ತಿರುವ ಕೂಸು ರೈಲಿಗೆ ಕಾಯುವುದೇ?

ಮೇಕೆ ತೊಗಲಿನ ಒಳಪೊರೆ ಎತ್ತುವ ಕೊಂಬಿನ ಕಡ್ಡಿಯನ್ನು ಬಿಸಿನೀರಿನಲ್ಲಿ ತೊಳೆದ. ಮಗುವನ್ನು ಬಾಗಿಲ ಬೆಳಕಿಗೆ ತಂದು ತೊಡೆಯ ಮೇಲೆ ಮಲಗಿಸಿದ. ನಾಲಿಗೆಯ ಹಿಂದೆ ಬೂದುಬಣ್ಣದ ಪೊರೆ ಕಂಡಿತು. ಅದರ ಅಂಚಿಗೆ ಕಡ್ಡಿ ಕೊಟ್ಟು ಮೆಲ್ಲಗೆ ಎತ್ತಿದ.

ರಕ್ತ ಬಂತು.

ಹುಸೇನ್ ಬೀಯ ಚೀತ್ಕಾರಕ್ಕೆ ಬೀದಿಯೇ ಸೇರಿತು. ಯಾರೋ ಓಡಿಹೋಗಿ ಡಾಕ್ಟರರನ್ನು ಕರೆತಂದರು. ಅವರು ಮಗುವನ್ನು ಬೋರಲು ಹಿಡಿದು ಬಾಯಿಯ ರಕ್ತ ಒರೆಸಿ, ಅದು ನಿಲ್ಲುವವರೆಗೆ ಹಾಗೇ ಹಿಡಿದಿದ್ದರು. ಆಮೇಲೆ ಕಡ್ಡಿಯನ್ನು ಕಂಡರು.

"ಯಾರು ಹೇಳಿದ್ರು ನಿಂಗೆ ಇದನ್ನ ಮಾಡು ಅಂತ?"

"ನೀವೇ ಅಲ್ವೇನ್ರಿ, ತೊಗಲು ಅಂದಿದ್ದು," ಎಂದ ಲಾಲ್ ಸಾಬ್.

ಡಾಕ್ಟರರ ಸಿಟ್ಟು ಅಲ್ಲಿಗೇ ನಿಂತಿತು. ನೆಲದ ಮೇಲೆ ಅವನ ಎದುರಿಗೇ ಕುಳಿತರು.

"ಲಾಲ್ ಸಾಬ್, ತೊಗಲನ್ನ ಸುಣ್ಣದ ತೊಟ್ಟಿಗೆ ಹಾಕಿದ ದಿನವೇ ಕೂದಲು ಕೀಳ್ತೀಯೇನು?"

"ಯಾವ ಮುಠ್ಠಾಳ ಕೀಳ್ತಾನ್ರಿ? ತೊಗಲೇ ಹರಿದು ಹೋಗ್ತೈತೆ. ಸುಣ್ಣ ಒಳಗಿಳಿದ್ರೆ ತಾನೇ ಬಿಡ್ತೈತೆ, ಕೈ ಸವರಿದ್ರೆ..."

ತನ್ನ ಮಾತು ತನ್ನ ಕಿವಿಗೇ ಬಿದ್ದು ಅವನು ತಲೆ ತಗ್ಗಿಸಿದ.

"ನಾನು ಅರ್ಧ ಲೆಕ್ಕ ಹೇಳಿ ಹೋದೆ," ಎಂದರು ಡಾಕ್ಟರು. "ಇನ್ನರ್ಧ ಕೇಳು. ತೊಗಲು ಬರೀ ಗುರುತು. ಕೊಲ್ಲೋದು ಅದರ ಅಡಿಯಿಂದ ಮೈಗೆ ಹರಿಯೋ ವಿಷ. ಅದಕ್ಕೆ ಟಾಕ್ಸಿನ್ ಅಂತಾರೆ. ಟಾಕ್ಸನ್ ಅಂದ್ರೆ ಗ್ರೀಕರ ಮಾತಿನಾಗೆ ಬಿಲ್ಲು. ಬಾಣದ ತುದಿಗೆ ಬಳಿಯೋ ವಿಷದಿಂದ ಹುಟ್ಟಿದ ಹೆಸರು. ಆಂಟಿ ಅಂದ್ರೆ ಎದುರು. ನಾಳೆ ಬರೋದು ಆಂಟಿಟಾಕ್ಸಿನ್, ಬಾಣದ ವಿಷಕ್ಕೆ ಎದುರು ನಿಲ್ಲೋದು."

"ದುರ್ಗದ ಬೇಡರ ಬಾಣ ಕೇಳಿದ್ದೆ," ಹುಸೇನ್ ಬೀ ಕಣ್ಣೊರೆಸಿಕೊಂಡಳು. "ಈ ಗ್ರೀಕರಿಗೆ ನಮ್ಮ ಕೂಸು ಏನ್ ಮಾಡಿತ್ತೋ!"

"ಇನ್ನೊಂದು ಮಾತೈತೆ. ಆ ಔಷಧಿ ಕುದುರೆ ರಕ್ತದಿಂದ ತೆಗೆದದ್ದು. ಸೂಜಿಯಿಂದ ಚುಚ್ಚಬೇಕು. ಖಂಡಿತ ಉಳಿಸ್ತೀನಿ ಅಂತ ಹೇಳಲಾರೆ. ಅದಿಲ್ಲದೆ ಉಳಿಯೋದು ಕಷ್ಟ."

ಹುಸೇನ್ ಬೀ ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. "ಕುದುರೆ ರಕ್ತಾನಾ? ಬ್ಯಾಡ್ರಿ. ಒಂದ್ಸಲ ಕೊಂಬಿನ ಕಡ್ಡಿ ಆತು, ಇನ್ನು ಸೂಜಿ ಬ್ಯಾರೆ!"

ಲಾಲ್ ಸಾಬ್ ಸುಣ್ಣದ ತೊಟ್ಟಿಯ ಕಡೆಗೊಮ್ಮೆ ನೋಡಿದ. ಹೆಂಡತಿಗೆ ಹೇಳಿದ: "ನಾನು ಅವಸರ ಮಾಡಿ ರಕ್ತ ತೆಗೆದೆ. ಇವರು ಕೆಟ್ಟದ್ದನ್ನೂ ಮುಚ್ಚದೆ ಹೇಳ್ತಾವ್ರೆ. ಚುಚ್ಚಲಿ ಬಿಡು. ಕೂಸನ್ನ ನಾನೇ ಹಿಡ್ಕೊಂತೀನಿ."

ಮರುದಿನ ಬೆಳಿಗ್ಗೆ ಟಪಾಲು ಗಾಡಿಯ ಗೊಲ್ಲಪ್ಪ ರೈಲು ನಿಲ್ದಾಣದಿಂದ ಒಂದು ಪುಟ್ಟ ಪೆಟ್ಟಿಗೆ ತಂದ. ಗಾಡಿಯ ಕುಲುಕಿಗೆ ಸೀಸೆ ಒಡೆದೀತೆಂದು ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ. ಡಾಕ್ಟರು ಚುಚ್ಚಿದರು. ಲಾಲ್ ಸಾಬ್ ಹಿಡಿದುಕೊಂಡ, ಕೈ ಅಲುಗಲಿಲ್ಲ.

ಆಮೇಲೆ ಕಾಯುವ ಕೆಲಸ. ಅದು ಅವನಿಗೆ ಬರುತ್ತಿತ್ತು. ಸುಣ್ಣ ಒಳಗಿಳಿಯಲು ಕಾಯುವವನಂತೆ ಹಾಸಿಗೆಯ ಪಕ್ಕ ಕುಳಿತ. ಕೊಂಬಿನ ಕಡ್ಡಿಯನ್ನು ಹೆಂಡತಿಯ ವಶಕ್ಕೆ ಕೊಟ್ಟಿದ್ದ. ಎರಡನೆಯ ದಿನ ಡಾಕ್ಟರು ನೋಡಲು ಬಂದಿದ್ದಾಗ ಪ್ಯಾರಿ ದೀರ್ಘವಾಗಿ ಕೆಮ್ಮಿದಳು, ಬಟ್ಟೆಯ ಮೇಲೆ ಬೂದುಬಣ್ಣದ ಒಂದು ತುಣುಕು ಬಿತ್ತು. ಲಾಲ್ ಸಾಬ್ ಅದರ ಮೇಲೆ ಬಗ್ಗಿ, ಕಸುಬಿನ ಕಣ್ಣಿನಿಂದ ಪರೀಕ್ಷಿಸಿದ.

"ಗ್ರೀಕರಿಗೆ ತೊಗಲು ಗೊತ್ತಿಲ್ಲ, ಸಾಹೇಬ್ರೆ. ಇದು ಯಾವ ಹದಕ್ಕೂ ಬರಲ್ಲ."

ಡಾಕ್ಟರು ಆ ಮನೆಯಲ್ಲಿ ಮೊದಲ ಸಲ ನಕ್ಕರು. ಬಟ್ಟೆಯನ್ನು ಒಲೆಗೆ ಹಾಕಿಸಿದರು. ಅಪಾಯ ಪೂರ್ತಿ ಕಳೆದಿಲ್ಲ, ವಿಷ ಗುಂಡಿಗೆಗೂ ತಟ್ಟಬಹುದು, ವಾರಗಟ್ಟಲೆ ಎದೆಬಡಿತ ನೋಡುತ್ತಿರಬೇಕು, ಓಡಾಡಿಸಬಾರದು ಎಂದು ಅದನ್ನೂ ಮುಚ್ಚದೆ ಹೇಳಿದರು.

ಅಷ್ಟರಲ್ಲಿ ಹಾಸಿಗೆಯಿಂದ ಗೊಗ್ಗರು ದನಿಯೊಂದು ಎದ್ದಿತು. "ನೀರು."

ಲಾಲ್ ಸಾಬ್ ಲೋಟ ಹಿಡಿದ. ಪ್ಯಾರಿ ಒಂದು ಗುಟುಕು ಕುಡಿದಳು, ತಡೆದು ಇನ್ನೊಂದು ಕುಡಿದಳು. ಹೊಸ ಬಾನಿಯ ಕೆಳಗಿನ ಬೂದಿಯನ್ನು ನೋಡುವಂತೆ ಅವನು ಅವಳ ಗದ್ದದ ಕೆಳಗೆ ಹಾಸಿದ್ದ ಒಗೆದ ಬಟ್ಟೆಯನ್ನೇ ನೋಡುತ್ತಿದ್ದ. ಲೋಟ ಬರಿದಾಯಿತು. ಬಟ್ಟೆ ಒಣಗಿಯೇ ಇತ್ತು.